ಪಿಡಿಒ ಓದಲೋ, ಮಾಸ್ತರಿಕಿಗೆ ಹೋಗಲೋ: ಕನಸು ದೇವರ ಸೂಚನೇನಾ?

ನಿಮ್ಮನ್ನ ತಡೆದಿರೋದು ಮಾಸ್ತರಾಗಬೇಕಂತ ಅಪ್ಪಗ ಹೇಳೋ ಅಂಜಿಕೆ ಅನಸ್ತದ. ಬಿ.ಎಸ್ಸಿ. ಮುಗಿಸಿ ಅವರ ಒತ್ತಾಯಕ್ಕ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದ್ತೀರಿ, ಕನಸಿನ್ಯಾಗ ಮತ್ತ ಮತ್ತ ಬೋರ್ಡಿನ ಮುಂದ ನಿಂತಿರ್ತೀರಿ, ಶರಣಬಸವೇಶ್ವರ ಗುಡಿಗೆ ಹೋಗಿ ಸೂಚನೆ ಕೇಳ್ತೀರಿ. ಆ ಕನಸು ದೇವರು ಕೊಟ್ಟದ್ದೋ, ಹಗಲಿಡೀ ಯೋಚಿಸಿದ್ದೇ ರಾತ್ರಿ ಬಂತೋ, ನಾ ಹೇಳಲಾರೆ. ಯಾವುದಾದ್ರೂ ಮುಂದಿನ ಕೆಲಸ ಒಂದೇ.

ಮೊದಲು ಓಣಿಯ ಎಸ್ಸೆಸ್ಸೆಲ್ಸಿ ಹುಡುಗರಿಗೆ ಒಂದು ತಿಂಗಳು ಸಂಜಿಮುಂದ ಪುಕ್ಕಟೆ ಗಣಿತ ಹೇಳಿಕೊಡ್ರಿ. ಚುರುಕಿನವರನ್ನಷ್ಟೇ ಆರಿಸಬ್ಯಾಡ್ರಿ. ಅದೇ ವರ್ಗಸಮೀಕರಣ ನಾಲ್ಕನೇ ಸಲ ಕೇಳಿದ ಹುಡುಗನ ಮ್ಯಾಲ ಸಿಟ್ಟು ಬರ್ತದೋ, ಬ್ಯಾರೆ ರೀತಿ ಬಿಡಿಸಿ ತೋರಿಸೋಣ ಅನಸ್ತದೋ ನೋಡ್ರಿ. ನಮ್ಮ ತಂಗಿಗೆ ತನ್ನ ದಾರಿ ಖಾತ್ರಿಯಾಗಿದ್ದು ಹಿಂಗೇ. ಕಾಯಕವೇ ಕೈಲಾಸ ಅಂದ ಶರಣರ ನಾಡಿನ್ಯಾಗ ಸೂಚನೆ ಗುಡಿಯೊಳಗೇ ಸಿಗಬೇಕಂತ ಏನಿಲ್ಲ ಬಿಡ್ರಿ.

ಹಂಗೇ ಅಂಕಪಟ್ಟಿ ತೆಗೀರಿ. ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಪದವಿಯಾಗ 50% ಬೇಕು, ಓದು 2 ವರ್ಷ. ಸರ್ಕಾರಿ ಶಾಲೆಯ 6ರಿಂದ 8ನೇ ತರಗತಿಗೆ ಮಾಸ್ತರಾಗಲಿಕ್ಕೆ ಟಿಇಟಿನೂ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು.

371(ಜೆ) ಪ್ರಮಾಣಪತ್ರ, ಅಂದ್ರ ಕಲ್ಯಾಣ ಕರ್ನಾಟಕದವರ ಮೀಸಲಾತಿ ಪತ್ರ, ಮಾಡಿಸಿಲ್ಲಂದ್ರ ಈ ವಾರವೇ ಅರ್ಜಿ ಹಾಕ್ರಿ. ನಮ್ಮ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಯಾಗ 80% ಇಲ್ಲಿಯವರಿಗೇ ಮೀಸಲು. ಪಿಡಿಒ ಆದ್ರೂ ಮಾಸ್ತರಾದ್ರೂ ಆ ಮೀಸಲಾತಿ ಸಿಗಲಿಕ್ಕೆ ಪ್ರಮಾಣಪತ್ರ ಬೇಕೇ ಬೇಕು.

ತಿಂಗಳಾದ ಮ್ಯಾಲ ಇಷ್ಟೂ ಲೆಕ್ಕ ಹಿಡಕೊಂಡು ಅಪ್ಪನ ಮುಂದ ಕೂಡ್ರಿ. ಬಿ.ಎಡ್. ಮಾಡ್ತಾನೇ ಪಿಡಿಒ ಪರೀಕ್ಷೆನೂ ಬರೀತೀನಿ ಅಂತ ಮೊದಲೇ ಹೇಳ್ರಿ, ಕನಸಿನ ಮಾತು ಆಮ್ಯಾಲ.