ಕನ್ನಡಕ ಹಾಕಿದರೂ ತಲೆನೋವು ಹೋಗಲಿಲ್ಲ, ಯಾಕೆ?

ಪ್ರಶ್ನೆ: ನನಗೆ 43 ವರ್ಷ. ದಿನವಿಡೀ ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ಕೆಲಸ. ತಲೆನೋವು ಅಂತ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಕೊಂಡೆ. ಸಂಜೆ ಹೊತ್ತಿನ ನೋವು ಕಡಿಮೆಯಾಯಿತು. ಆದರೆ ತಿಂಗಳಿಗೆ ಎರಡು ಮೂರು ಸಲ ಬಲಗಣ್ಣಿನ ಹಿಂದೆ ಜೋರಾಗಿ ಮಿಡಿಯುವ ನೋವು ಹಾಗೇ ಇದೆ, ವಾಕರಿಕೆಯೂ ಬರುತ್ತದೆ. ಹಲವು ವರ್ಷಗಳಿಂದ, ಆ ನೋವು ಶುರುವಾಗುವ ಮೊದಲು ಕಣ್ಮುಂದೆ ಹೊಳೆಯುವ ಅಂಕುಡೊಂಕು ಗೆರೆ ಕಾಣುತ್ತಿದೆ. ಪವರ್ ತಪ್ಪಿದೆಯೇ?

ಉತ್ತರ: ಪವರ್ ತಪ್ಪಿದ ಹಾಗೆ ಕಾಣುವುದಿಲ್ಲ. ನಿಮಗಿರುವುದು ಎರಡು ಬೇರೆ ಬೇರೆ ತಲೆನೋವು. ಒಂದಕ್ಕೆ ಕನ್ನಡಕ ಸಾಕಾಯಿತು, ಇನ್ನೊಂದಕ್ಕೂ ಕನ್ನಡಕಕ್ಕೂ ಸಂಬಂಧವಿಲ್ಲ.

ಸಂಜೆಯದ್ದು ಚಾಳೀಸಿನದು. 40 ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತದೆ. ಹತ್ತಿರದ್ದು ನೋಡಲು ಸ್ನಾಯು ಜಾಸ್ತಿ ದುಡಿಯಬೇಕು, ಹಣೆ ಹುಬ್ಬು ಭಾರವಾಗುತ್ತದೆ. ಪ್ಲಸ್ ಪವರ್, ಸಿಲಿಂಡರ್ ಪವರ್ ಇದ್ದವರಿಗೂ ಹೀಗೇ. ಮೈನಸ್ ಪವರಿನಿಂದ ತಲೆನೋವು ಬರುವುದು ಅಪರೂಪ, ಅವರಿಗೆ ದೂರದ್ದು ಮಸುಕಾಗುತ್ತದೆ ಅಷ್ಟೆ. ಕಣ್ಣಿನ ಆಯಾಸದ ನೋವು ಓದಿ ಬರೆದ ಮೇಲೆ ಬರುತ್ತದೆ, ಬಿಡುವು ಕೊಟ್ಟರೆ ಇಳಿಯುತ್ತದೆ. ವಾಂತಿ ಬರಿಸುವಷ್ಟು ಜೋರಾಗುವುದಿಲ್ಲ.

ಇನ್ನೊಂದು ಮೈಗ್ರೇನ್ ಇರಬೇಕು. ನೋವು ಕಣ್ಣಿನ ಹಿಂದೆಯೇ ಇದ್ದರೆ ಕಣ್ಣನ್ನೇ ದೂರುವುದು ಸಹಜ ಅಲ್ವಾ? ಆದರೆ ಕಣ್ಣು, ಹಣೆ, ಮಿದುಳಿನ ಹೊದಿಕೆ, ಮೂರರ ನೋವನ್ನೂ ಒಯ್ಯುವುದು ಟ್ರೈಜೆಮಿನಲ್ ಎಂಬ ಒಂದೇ ನರ. ನೀವು ಹೇಳುವ ಗೆರೆಗೆ ಆರಾ ಅನ್ನುತ್ತಾರೆ. ಮೊದಲು ಓದುತ್ತಿರುವ ಸಾಲಿನಲ್ಲಿ ಒಂದೆರಡು ಅಕ್ಷರ ಮಾಯವಾಗುತ್ತದೆ. ಆ ಕಾಣದ ಚುಕ್ಕೆ ಮಿನುಗುವ ಅಂಚಿನ ಕಮಾನಾಗಿ ಪಕ್ಕಕ್ಕೆ ಸರಿಯುತ್ತಾ ಹೋಗಿ, ಸಾಮಾನ್ಯವಾಗಿ ಗಂಟೆಯೊಳಗೆ ಹೋಗುತ್ತದೆ. ಮುಂದಿನ ಸಲ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡರಲ್ಲೂ ಕಂಡರೆ ಅದು ಹುಟ್ಟುವುದು ಮಿದುಳಿನ ಹಿಂಭಾಗದಲ್ಲಿ. ಒಂದೇ ಕಣ್ಣಿನಲ್ಲಿ ಹೊಸದಾಗಿ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಇಳಿದಂತೆ ಕಂಡರೆ ಕಣ್ಣಿನ ಹಿಂಪರದೆ (ರೆಟಿನಾ) ಹರಿದಿರಬಹುದು, ಅಂದೇ ತೋರಿಸಿ.

ಮೈಗ್ರೇನಿಗೆ ಒಳ್ಳೆಯ ಔಷಧಗಳಿವೆ. ಸುಮ್ನೆ ನೋವಿನ ಮಾತ್ರೆ ನುಂಗುತ್ತಾ ಇರಬೇಡಿ. ತಿಂಗಳಲ್ಲಿ 15 ದಿನ ಮಾತ್ರೆ ತಗೊಳ್ಳುವ ಅಭ್ಯಾಸವಾದರೆ ಮಾತ್ರೆಯೇ ತಲೆನೋವು ತರಿಸುತ್ತದೆ. ನೀವು ಮಹಿಳೆಯಾಗಿದ್ದು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಆರಾ ವಿಷಯ ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ನಿಜವಾಗಿ ಕಣ್ಣಿನಿಂದಲೇ ಬರುವ ಭಯಂಕರ ತಲೆನೋವೂ ಒಂದಿದೆ: ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವ ಗ್ಲಾಕೋಮಾ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರುವ ಕಣ್ಣಿನ ಒತ್ತಡ 40 ದಾಟಬಹುದು. ಕಣ್ಣು ಕೆಂಪಾಗುತ್ತದೆ, ನೋಟ ಮಂಜಾಗುತ್ತದೆ, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ. ವಾಂತಿ ಎಷ್ಟು ಜೋರಿರುತ್ತದೆ ಅಂದರೆ ಕೆಲವರು ಹೊಟ್ಟೆಗೆ ಔಷಧ ತಗೊಂಡು ಮಲಗಿಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ದೃಷ್ಟಿನರಕ್ಕೆ ಪೆಟ್ಟು ಬಿದ್ದಿರಬಹುದು. ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

50 ದಾಟಿದವರಿಗೆ ಹೊಸದಾಗಿ ಕಣತಲೆಯಲ್ಲಿ (ಕಣ್ಣು ಕಿವಿಗಳ ನಡುವಿನ ಜಾಗದಲ್ಲಿ) ನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು ಇದ್ದರೂ ತಡ ಮಾಡಬಾರದು. ಅದು ರಕ್ತನಾಳದ ಉರಿಯೂತವಾಗಿದ್ದರೆ ದೃಷ್ಟಿಯನ್ನೇ ಕಳೆಯಬಹುದು. ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗುವುದು, ಮಲಗಿದಾಗ ನೋವು ಜಾಸ್ತಿಯಾಗುವುದು ತಲೆಯೊಳಗಿನ ಒತ್ತಡದ ಸೂಚನೆ ಇರಬಹುದು.

ನಿಮ್ಮ ಪರೀಕ್ಷೆ ಬರೀ ಕನ್ನಡಕದ ಅಂಗಡಿಯಲ್ಲಿ ಆಗಿದ್ದರೆ, ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಒತ್ತಡ ನೋಡಿಸಿ, ಡ್ರಾಪ್ಸ್ ಹಾಕಿಸಿ ದೃಷ್ಟಿನರ ಪರೀಕ್ಷೆ ಮಾಡಿಸಿ. ಸರಿಯಿದ್ದರೆ ಮತ್ತೆ ಕನ್ನಡಕ ಬದಲಿಸಬೇಡಿ, ಆ ರಿಪೋರ್ಟ್ ಹಿಡಿದು ನರರೋಗ ತಜ್ಞರನ್ನು ಕಾಣಿ.