ಜೋರು ಗಾಳಿಗೆ, ಅಲೆಯೇಳುವ ನೀರಿಗೆ ಯಾವ ಹಳೆ ವಿಂಡ್‌ಸರ್ಫಿಂಗ್ ಬೋರ್ಡ್ ಒಳ್ಳೆಯದು?

ನೀವು ಬೀದರ್‌ನವರು, ತೂಕ 75 ಕೆಜಿ, ವಾಟರ್‌ಸ್ಟಾರ್ಟ್ (ನೀರಲ್ಲಿದ್ದುಕೊಂಡೇ ಹಾಯಿಗೆ ಗಾಳಿ ಹಿಡಿಸಿ ಬೋರ್ಡ್ ಮೇಲೇಳುವುದು) ಬರುತ್ತೆ, ಕಾರಂಜಾ ಹಿನ್ನೀರಿನಲ್ಲಿ ಮಳೆಗಾಲದ ಗಾಳಿಗೆ ಸೆಕೆಂಡ್ ಹ್ಯಾಂಡ್ ಬೋರ್ಡ್ ಬೇಕು ಅಂದಿದ್ದೀರಿ. ಹಾಗಾದರೆ 90ರಿಂದ 100 ಲೀಟರ್ ಗಾತ್ರದ ಫ್ರೀಸ್ಟೈಲ್-ವೇವ್ ಬೋರ್ಡ್ (ಅಲೆಗೂ ಕಸರತ್ತಿಗೂ ಆಗುವಂಥದ್ದು) ಹುಡುಕಿ. 60 ಸೆಂ.ಮೀ. ಆಸುಪಾಸು ಅಗಲ, ದುಂಡಗಿನ ಅಂಚು, ಮೂತಿಯ ಕೆಳಗೆ ವಿ ಆಕಾರ ಇದ್ದರೆ ಅಲೆಯನ್ನು ಸೀಳಿಕೊಂಡು ಮೆತ್ತಗೆ ಹೋಗುತ್ತೆ. ಸ್ಲಾಲಂ ಬೋರ್ಡ್ (ವೇಗದ ರೇಸಿಗೆ ಮಾಡಿದ್ದು) ಅಗ್ಗಕ್ಕೆ ಸಿಕ್ಕರೂ ಬೇಡ. ಸಣ್ಣ ಅಲೆಗಳ ಮೇಲೆ ಪಟಪಟ ಬಡಿದು ಮಂಡಿ ನೋಯಿಸುತ್ತೆ.

ಬ್ರಾಂಡ್‌ಗಿಂತ ಬೋರ್ಡ್ ಈಗ ಹೇಗಿದೆ ಅನ್ನೋದೇ ಮುಖ್ಯ. ಕಾಲುಪಟ್ಟಿಗಳ ಹತ್ತಿರ, ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳಗೆ ತಗ್ಗಿದರೆ ಮೇಲಿನ ಪದರ ಫೋಮ್ ಬಿಟ್ಟಿದೆ ಅಂತ ಅರ್ಥ, ತಗೋಬೇಡಿ. ಕಲ್ಲಂಗಡಿ ತಟ್ಟಿ ನೋಡುವ ಹಾಗೆ ಉದ್ದಕ್ಕೂ ತಟ್ಟಿ, ಸದ್ದು ಎಲ್ಲಿ ಬದಲಾಗುತ್ತೆ ಕೇಳಿ, ಅಲ್ಲೂ ಪದರ ಬಿಟ್ಟಿರಬಹುದು. ಮಾಸ್ಟ್ ಟ್ರ್ಯಾಕ್ (ಹಾಯಿಕಂಬ ಕೂರಿಸುವ ಸೀಳು), ಫಿನ್ ಬಾಕ್ಸ್ (ಅಡಿಯ ರೆಕ್ಕೆ ಸಿಕ್ಕಿಸುವ ಗೂಡು) ಸುತ್ತ ಕೂದಲೆಳೆಯ ಬಿರುಕಿದ್ದರೂ ನೀರು ಒಳಗೆ ಹೋಗುತ್ತೆ. ಪಟ್ಟಿಯ ಸ್ಕ್ರೂ ಸುಮ್ನೆ ತಿರುಗುತ್ತಾ ನೋಡಿ. ಫಿನ್, ಪಟ್ಟಿ ಬಿಚ್ಚಿ ತೂಗಿಸಿ. ಈ ಅಳತೆಯದು ಸಾಮಾನ್ಯವಾಗಿ 6ರಿಂದ 8 ಕೆಜಿ ಇರುತ್ತೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನೀರು ಕುಡಿದಿರಬಹುದು.

ಹಾಯಿ 4.5ರಿಂದ 6 ಚದರ ಮೀಟರ್ ಸಾಕು. ನಮ್ಮ ಕಡೆಯ ಬಿಸಿಲಲ್ಲಿ ಬೋರ್ಡನ್ನು ಕಾರಿನ ಮೇಲೆ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಪದರ ಬಿಡಬಹುದು. ನೀರಿಗಿಳಿಯುವ ಮುಂಚೆ ವೆಂಟ್ ಸ್ಕ್ರೂ (ಒಳಗಿನ ಗಾಳಿ ಬಿಡುವ ತೂತಿನ ಸ್ಕ್ರೂ) ಬಿಗಿ ಇದೆಯಾ ನೋಡಿಕೊಳ್ಳಿ.