ಕಾಫಿ ಕುಡಿದರೆ ಸರಿಹೋಗುವ ‘ಫಿಟ್ಸ್’

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 46 ವರ್ಷ. ರೇಷ್ಮೆ ನೂಲು ತೆಗೆಯುವ ಕೆಲಸ. ಎರಡು ವರ್ಷದಿಂದ ಬೆಳಗಿನ ಜಾವ ಮೈಯೆಲ್ಲ ಬೆವರಿ ಏನೇನೋ ಬಡಬಡಿಸುತ್ತಾರೆ. ಒಮ್ಮೆ ಮಗಳನ್ನೇ ಗುರುತಿಸಲಿಲ್ಲ. ಸಕ್ಕರೆ ಜಾಸ್ತಿ ಹಾಕಿ ಕಾಫಿ ಕುಡಿಸಿದರೆ ಹತ್ತು ನಿಮಿಷಕ್ಕೆ ಸರಿಹೋಗುತ್ತಾರೆ. ಫಿಟ್ಸ್ ಅಂತ ಮಾತ್ರೆ ಕೊಟ್ಟರು, ಅತ್ತೆ ತಾಯತ ಕಟ್ಟಿಸಿದರು. ಈಗ ಮೇದೋಜೀರಕದಲ್ಲಿ ಇನ್ಸುಲಿನೋಮ ಎಂಬ ಗೆಡ್ಡೆ ಇರಬಹುದು, ಮೂರು ದಿನ ಉಪವಾಸ ಇರಿಸಿ ನೋಡಬೇಕು ಅನ್ನುತ್ತಾರೆ. ಹಸಿದರೇ ಎಚ್ಚರ ತಪ್ಪುವವರಿಗೆ ಉಪವಾಸವೇ? ಇದು ಕ್ಯಾನ್ಸರಾ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಅಮ್ಮಾ, ಅರ್ಧ ಕಾಯಿಲೆಯನ್ನು ನಿಮ್ಮ ಕಾಫಿ ಲೋಟವೇ ಪತ್ತೆ ಮಾಡಿದೆ. ಲಕ್ಷಣ ಕಾಣಬೇಕು, ಆ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕಡಿಮೆ ಇರಬೇಕು, ಸಿಹಿ ಕೊಟ್ಟರೆ ಸರಿಹೋಗಬೇಕು. ಅಮೆರಿಕದ ಸರ್ಜನ್ ಅಲೆನ್ ವಿಪ್ಪಲ್ 1930ರ ದಶಕದಲ್ಲಿ ಹೇಳಿದ ಈ ಮೂರು ಮಾತನ್ನೇ ನಾವು ಇವತ್ತಿಗೂ ಹಿಡಿದುಕೊಂಡಿದ್ದೇವೆ. ನಡುವಿನದನ್ನು ಯಾರೂ ನೋಡಿರಲಿಲ್ಲ, ಅಷ್ಟೇ. ಬೈಯುತ್ತಿಲ್ಲ, ನಾನೂ ಒಮ್ಮೆ ಇಂಥವರಿಗೆ ಫಿಟ್ಸ್ ಮಾತ್ರೆ ಬರೆದವನೇ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುವ ಗೆಡ್ಡೆ ಇದು.

ಉಪವಾಸವನ್ನು ಆಸ್ಪತ್ರೆಯಲ್ಲೇ ಮಾಡಿಸುತ್ತಾರೆ. ಮನೆಯಲ್ಲಿ ಖಂಡಿತ ಬೇಡ. ಹೆಚ್ಚೆಂದರೆ 72 ಗಂಟೆ. ಬಹಳ ಜನಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಲಕ್ಷಣ ಕಂಡು ಸಕ್ಕರೆ 55ಕ್ಕಿಂತ ಕೆಳಗಿಳಿದರೆ ರಕ್ತ ತೆಗೆದು, ಕೂಡಲೇ ಗ್ಲೂಕೋಸ್ ಕೊಡುತ್ತಾರೆ. ರಕ್ತದ ಸಕ್ಕರೆ ಇಳಿಸುವುದೇ ಇನ್ಸುಲಿನ್ ಕೆಲಸ, ಸಕ್ಕರೆ ಅಷ್ಟು ಇಳಿದಾಗ ಅದು ಸುಮ್ಮನಿರಬೇಕು. ಆಗಲೂ ಗೆಡ್ಡೆಯಿಂದ ಅದು ಸುರಿಯುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರಾ? ಅದನ್ನೂ ಡಾಕ್ಟರಿಗೆ ಹೇಳಿ. ಗೊತ್ತಿಲ್ಲದೆ ಅದನ್ನು ನುಂಗಿದರೂ ಹೀಗೇ ಆಗುತ್ತದೆ.

ಸುಮಾರು ನೂರಕ್ಕೆ ತೊಂಬತ್ತು ಕ್ಯಾನ್ಸರ್ ಅಲ್ಲ. ಆದರೆ ಗೆಡ್ಡೆ ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಚಿಕ್ಕದು, ಸ್ಕ್ಯಾನಿನಲ್ಲಿ ತಪ್ಪಿಸಿಕೊಳ್ಳಬಹುದು. ಆಗ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಜಠರದ ಒಳಗಿನಿಂದ ಅಲ್ಟ್ರಾಸೌಂಡ್ ಮಾಡುತ್ತಾರೆ. ಗೆಡ್ಡೆ ಮೇಲ್ಗಡೆ ಇದ್ದರೆ ಆಲೂಗಡ್ಡೆಯ ಕಣ್ಣು ಕೆತ್ತಿದ ಹಾಗೆ ಅದನ್ನಷ್ಟೇ ಬಿಡಿಸಿ ತೆಗೆಯಬಹುದು. ಮೇದೋಜೀರಕದ ಬಾಲದ ಕಡೆ ಆಳದಲ್ಲಿದ್ದರೆ ಆ ತುದಿಯನ್ನೇ ಕತ್ತರಿಸಬೇಕಾಗಬಹುದು. ‘ಜೀರ್ಣರಸ ಹರಿಯುವ ಮುಖ್ಯ ನಾಳದಿಂದ ಗೆಡ್ಡೆ ಎಷ್ಟು ದೂರ ಇದೆ?’ ಅಂತ ಸರ್ಜನ್‌ರನ್ನು ಕೇಳಿ. ಎಷ್ಟು ಕತ್ತರಿಸಬೇಕು ಅನ್ನುವುದು ಬಹುಪಾಲು ಅದರ ಮೇಲೇ ನಿಂತಿದೆ. ಆಪರೇಷನ್ ಆದಮೇಲೆ ಜೀರ್ಣರಸ ಸೋರುವುದುಂಟು, ಅದಕ್ಕೇ ಹೊಟ್ಟೆಗೆ ಟ್ಯೂಬ್ ಇಟ್ಟಿರುತ್ತಾರೆ. ಕೆಲವು ದಿನ ಸಕ್ಕರೆ ಏರಲೂಬಹುದು, ಗಾಬರಿ ಬೇಡ.

ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ರಾತ್ರಿ ಮಲಗುವ ಮುಂಚೆ ಅವರು ಏನಾದರೂ ತಿನ್ನಲಿ, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಗೂಡಿನ ಮಾರುಕಟ್ಟೆಗೆ ಸದ್ಯ ಬೇರೆಯವರು ಗಾಡಿ ಓಡಿಸಲಿ.